ಸದ್ದಿಲ್ಲದ ವಾರ್ಡು

ನಮ್ಮ ಸರ್ಕಾರಿ ಆಸ್ಪತ್ರೆಯ ಗೋಡೆಗೆ ಆ ಸುತ್ತೋಲೆಯನ್ನು ಅಂಟಿಸಿದವಳು ನಾನೇ. ವಾರ್ಡಿನೊಳಗೆ ಯಾವ ಧರ್ಮದವರೂ ಗಟ್ಟಿಯಾಗಿ ಪ್ರಾರ್ಥಿಸಕೂಡದು. ತುಟಿ ಅಲುಗಿದರೆ ತಪ್ಪಿಲ್ಲ, ದನಿ ಬರಬಾರದು. ನನಗದು ಸರಿಯೆಂದೇ ಕಂಡಿತ್ತು. ಎರಡು ಮಂಚದವರು ತಮ್ಮ ತಮ್ಮ ದೇವರನ್ನು ಕೂಗಿ ಕರೆಯುವ ಪೈಪೋಟಿಗೆ ಬಿದ್ದು, ನಡುವಿನ ಮಂಚದ ರೋಗಿ ಹೈರಾಣಾಗಿದ್ದನ್ನು ಕಂಡಿದ್ದೆ. ಹೆಡ್ ನರ್ಸ್ ಎಂದರೆ ಸುಮ್ಮನೆಯೇ? ಏಳನೇ ಮಂಚದ ದರ್ಜಿ ಹೆಂಗಸು ಮೆಲ್ಲಗೆ ಗುನುಗಿದರೂ ಹೋಗಿ ಗದರುತ್ತಿದ್ದೆ.

"ದೇವರಿಗಿಂತ ಮುಂಚೆ ನಿಮಗೇ ಕೇಳ್ಸುತ್ತಲ್ಲ ಸಿಸ್ಟರ್," ಎಂದು ಅವಳು ನಗುತ್ತಿದ್ದಳು.

ಆಮೇಲೆ ಒಂದು ದಿನ ನನ್ನ ಅಮ್ಮನೇ ಎಂಟನೇ ಮಂಚಕ್ಕೆ ಬಂದಳು. ಎದೆಯಲ್ಲಿ ನೀರು ತುಂಬಿತ್ತು. ಇನ್ನು ಹೆಚ್ಚು ದಿನವಿಲ್ಲ, ನಾಳೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ಅಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಸಂಜೆ ಪ್ರಾರ್ಥನೆ ಹೇಳೇ. ನಿನ್ ಬಾಯಿಂದ ಒಂದ್ಸಲ ಕೇಳ್ಬಿಟ್ರೆ ಸಾಕು."

ಅಮ್ಮನಿಗೆ ಕಿವಿ ಮಂದ. ಕಿವಿಗೆ ಹಾಕುವ ಮಿಷನ್ ಗುಂಯ್‌ಗುಡುತ್ತದೆಂದು ಎಸೆದು ವರ್ಷಗಳಾಗಿದ್ದವು. ಮನೆಯಲ್ಲಿ ಅವಳೊಡನೆ ಗುಟ್ಟು ಮಾತಾಡಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ನಾನು ಬಾಗಿ ಪಿಸುಗುಟ್ಟಿದೆ.

"ಗಾಳಿ ಊದ್ಬೇಡ, ಹೇಳು."

ವಾರ್ಡಿಗೆ ವಾರ್ಡೇ ನಮ್ಮತ್ತ ನೋಡುತ್ತಿತ್ತು. ನಾಳೆ ಮನೆಗೆ ಹೋದ ಮೇಲೆ ಹೇಳುತ್ತೇನೆಂದು ಕೈಸನ್ನೆ ಮಾಡಿದೆ. ಅಮ್ಮನ ಮುಖ ಮರುಕದಿಂದ ಕರಗಿತು.

"ಮರ್ತೋಯ್ತಾ? ಪಾಪ, ಈ ಕೆಲಸದಲ್ಲಿ ಏನ್ ನೆನಪಿರುತ್ತೆ. ನಾನೇ ಹೇಳ್ಕೊಡ್ತೀನಿ, ನನ್ ಹಿಂದೇನೇ ಹೇಳು."

ಕಿವಿ ಕೇಳದವರ ದನಿ ಗೊತ್ತಲ್ಲ. ನಾನು ನಾಲ್ಕು ವರ್ಷದವಳಾಗಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ಹಾಗೆಯೇ, ಪದ ಬಿಡಿಸಿ ಬಿಡಿಸಿ, ಮೊದಲ ಸಾಲನ್ನು ವಾರ್ಡಿಗೆಲ್ಲ ಕೇಳುವಂತೆ ಹೇಳಿ ನನಗಾಗಿ ಕಾದಳು. ಕಾರಿಡಾರಿನಲ್ಲಿ ಸೂಪರಿಂಟೆಂಡೆಂಟರ ಬೂಟಿನ ಸದ್ದಾಗುತ್ತಿತ್ತು. ಅವಳು ಎರಡನೇ ಸಾಲು ಶುರು ಮಾಡಿದಾಗ ನಾನು ಕೈಯಿಂದ ಅವಳ ಬಾಯಿ ಮುಚ್ಚಿದೆ.

ಹೆತ್ತವಳ ಬಾಯಿ. ಅಂಗೈಯ ಕೆಳಗೆ ಅವಳ ತುಟಿಗಳು ಇನ್ನೂ ಒಂದೆರಡು ಪದ ಅಲುಗಿ ನಿಂತವು. ಅವಳು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ತಾನೇ ಏನೋ ತಪ್ಪು ಮಾಡಿದೆನೆಂಬಂತೆ ಮುದುಡಿದಳು. ಸೂಪರಿಂಟೆಂಡೆಂಟರು ಇಣುಕಿ, ವಾರ್ಡು ಶಿಸ್ತಾಗಿದೆಯೆಂದು ಹೊಗಳಿ ಹೋದರು.

ಬೆಳಗ್ಗೆ ನಾನು ಗಟ್ಟಿ ಮನಸ್ಸು ಮಾಡಿಯೇ ಬಂದೆ. ಕೆಲಸ ಹೋದರೆ ಹೋಗಲಿ, ಕೂಗಿಯೇ ಹೇಳುವುದು. ಅಷ್ಟರಲ್ಲಿ ದರ್ಜಿ ಹೆಂಗಸು ಅಮ್ಮನಿಗೆ ಗೋಡೆಯ ಕಾಗದ ತೋರಿಸಿ ಸನ್ನೆಯಲ್ಲೇ ಎಲ್ಲ ತಿಳಿಸಿದ್ದಳು. ನಾನು ಕಿವಿಯ ಹತ್ತಿರ ಬಾಗಿದೊಡನೆ ಅಮ್ಮ ನನ್ನ ಕೆನ್ನೆ ತಟ್ಟಿ ತಡೆದಳು.

"ಬೇಡ ಕಣೇ, ನಿನ್ನ ಬೈತಾರೆ. ನಂಗೆ ಕೇಳಿಸ್ತು ಬಿಡು. ಎಲ್ಲಾ ಕೇಳಿಸ್ತು."

ನಾನಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ. ಆದರೂ ಹೂಂ ಎಂದು ತಲೆಯಾಡಿಸಿದೆ. ನಾಚಿಕೆಯಿಲ್ಲದೆ, ಕೂಗುವುದು ತಪ್ಪಿತು, ಬದುಕಿದೆ ಎಂದುಕೊಂಡೆ. ಡಿಸ್ಚಾರ್ಜ್ ಕಾಗದದ ಸಹಿಗೆಂದು ಕೆಳಗೆ ಹೋಗಿ ಬರುವಷ್ಟರಲ್ಲಿ ಅಮ್ಮನ ಉಸಿರು ನಿಂತಿತ್ತು.