ಬೀಳುವವರ ಹುಲ್ಲಿಗೆ ನೀರು ಹೊತ್ತ ಝಾರಿ

ನಾನು ಒಂದು ತಗಡಿನ ಝಾರಿ. ಮೊದಲು ಎಣ್ಣೆ ಡಬ್ಬಿಯಾಗಿದ್ದೆ. ಬೆಟಗೇರಿಯ ದಾವಲಸಾಬ ನನ್ನನ್ನು ಕತ್ತರಿಸಿ, ಬಾಗಿಸಿ, ಉದ್ದನೆಯ ಕೊಳವೆಯೊಂದನ್ನು ಬೆಸೆದ. ಅದರ ತುದಿಗೆ ಅಣಬೆಯಂಥ ಮೂತಿ. ಮೂತಿಗೆ ಮೊಳೆಯಿಂದ ತೂತು ಹೊಡೆಯುತ್ತ, "ಸಣ್ಣಗ ಅಳಬೇಕು ನೋಡು, ಬೊಬ್ಬಿ ಹೊಡಿಬಾರ್ದು" ಅಂದಿದ್ದ. ನಾನು ಕಲಿತ ವಿದ್ಯೆ ಅಷ್ಟೇ.

ನನ್ನನ್ನು ಕೊಂಡವನು ಸಸಿ ಮಾರುವ ಕಲ್ಲಪ್ಪ. ಆರು ವರ್ಷ ಅವನ ಗುಲಾಬಿ, ದಾಸವಾಳಗಳಿಗೆ ನೀರು ಕುಡಿಸಿದೆ. ಒಂದು ಮುಂಜಾನೆ ನೀಲವ್ವ ಹುಲ್ಲಿನ ಬೀಜ ಕೇಳಿಕೊಂಡು ಬಂದಳು.

"ಎಮ್ಮಿಗೇನು?" ಅಂದ ಕಲ್ಲಪ್ಪ.

"ಗಂಡಗ" ಅಂದಳು.

ನೀಲವ್ವ ಇಪ್ಪತ್ತು ವರ್ಷ ಖಾನಾವಳಿಯಲ್ಲಿ ರೊಟ್ಟಿ ಬಡಿದವಳು. ಈಗ ಕೃತಕ ಕಾಲು ಜೋಡಿಸುವ ಆಸ್ಪತ್ರೆಯೊಂದರಲ್ಲಿ ಅಡುಗೆಯವಳು. ಹಮಾಲನಾಗಿದ್ದ ಅವಳ ಗಂಡ ಶಿದ್ರಾಮಪ್ಪನಿಗೂ ಅಲ್ಲೇ ಹೊಸ ಕಾಲು ಹಾಕಿದ್ದರು. ಮೊದಲ ದಿನವೇ ಆತ ಆಸ್ಪತ್ರೆಯ ಅಂಗಳದ ಗರಸುಕಲ್ಲಿನ ಮೇಲೆ ಬಿದ್ದು ಮೊಣಕೈ ಕೆತ್ತಿಕೊಂಡ. ಆ ಕಾಲನ್ನು ಮಂಚದ ಕೆಳಗೆ ತಳ್ಳಿದವನು ಮತ್ತೆ ಮುಟ್ಟಲಿಲ್ಲ. ಬಿದ್ದರೂ ನೋಯದ ನೆಲ ಬೇಕೆಂದು ನೀಲವ್ವ ಅಲ್ಲಿನ ಡಾಕ್ಟರಮ್ಮನನ್ನು ಕಾಡಿದಳು. ದೀಪಾವಳಿಯೊಳಗೆ ಹುಲ್ಲು ಬರದಿದ್ದರೆ ಅಂಗಳಕ್ಕೆ ಸಿಮೆಂಟು ಹಾಕಿಸುವುದೇ ಎಂದು ಅವರು ಹೇಳಿದ್ದರು.

ಕಲ್ಲಪ್ಪ ಬೀಜದ ಜೊತೆ ನನ್ನನ್ನೂ ಕೊಟ್ಟ, ಯೂರಿಯಾದ ಪೊಟ್ಟಣವನ್ನೂ ಕೊಟ್ಟ. "ಮೂರು ವಾರ ಬರೇ ನೀರು. ಆಮ್ಯಾಲ ಝಾರಿಗೆ ಒಂದ ಚಮಚ, ಸಂಜಿಮುಂದ. ಹಿಂದಿಂದ ಮತ್ತ ನೀರು ಹಾಕು. ಕೈ ಬಿಗಿ ಹಿಡಿಯವ್ವ."

ಅವಳು ಗರಸು ತೆಗೆಸಿ, ಕೆಂಪು ಮಣ್ಣಿಗೆ ಜರಡಿ ಹಿಡಿದ ಹಳೇ ಸಗಣಿ ಗೊಬ್ಬರ ಬೆರೆಸಿ ಹರಡಿದಳು. ಬೀಜಕ್ಕೆ ಮರಳು ಕಲಸಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎರಚಿದಳು. ರೊಟ್ಟಿ ಬಡಿಯುವ ಕೈಯಲ್ಲೇ ಮಣ್ಣು ತಟ್ಟಿದಳು. ಗುಬ್ಬಿಗಳು ಬರದಂತೆ ಗೋಣಿಚೀಲ ಹೊದಿಸಿದಳು. ಬೆಳಿಗ್ಗೆ, ಸಂಜೆ ನಾನು ಸಣ್ಣಗೆ ಅತ್ತೆ. ಒಂಬತ್ತನೆಯ ದಿನ ಗೋಣಿ ಎತ್ತಿದರೆ, ಹಸುಗೂಸಿನ ತಲೆಗೂದಲಿನಂಥ ಹಸಿರು!

ಅಲ್ಲೇ ಎಡವಟ್ಟಾಯಿತು. ನೀಲವ್ವನ ಖಾನಾವಳಿಯಲ್ಲಿ ಎರಡನೇ ಸಲ ಬಡಿಸಿಕೊಳ್ಳದೆ ಯಾರೂ ಏಳುವಂತಿರಲಿಲ್ಲ. ಹನ್ನೆರಡನೆಯ ದಿನ, ನಡುಮಧ್ಯಾಹ್ನ, ನನ್ನ ಹೊಟ್ಟೆಗೆ ನಾಲ್ಕು ಚಮಚ ಯೂರಿಯಾ ಸುರಿದು, "ನಾಚ್ಕೋಬ್ಯಾಡ್ರಿ, ಹೊಟ್ಟಿ ತುಂಬ ಉಣ್ರಿ" ಎನ್ನುತ್ತ ಹುಲ್ಲಿಗೆ ಹಾಕಿದಳು. ನನಗೆ ನಲವತ್ತು ತೂತುಗಳಿದ್ದರೂ ಬೇಡ ಎನ್ನುವ ಬಾಯಿ ಇಲ್ಲ.

ಅದಾದ ಮೂರನೆಯ ದಿನಕ್ಕೆ, ನಾನು ಬಾಗಿದಲ್ಲೆಲ್ಲ ಹುಲ್ಲು ಸೀದ ರೊಟ್ಟಿಯಂತಾಗಿತ್ತು. ನೀಲವ್ವ ಕಟ್ಟೆಯ ಮೇಲೆ ಕುಸಿದಳು.

"ಹುಲ್ಲಿಗೂ ಎರಡನೇ ರೊಟ್ಟಿ ನೀಡಿದೇನು?" ಕಿಟಕಿಯಿಂದ ಶಿದ್ರಾಮಪ್ಪ ಕೇಳಿದ.

"ನಾಕು ನೀಡೀನಿ" ಎಂದು ಅತ್ತಳು.

"ನನಗೂ ಹಂಗ ಮಾಡಾಕತ್ತಿ. ನಿಂದರೂದು ಕಲಿಯೂಕಿಂತ ಮೊದಲ ಓಡು ಅಂತಿ."

ಸ್ವಲ್ಪ ಹೊತ್ತಿಗೆ ಮಂಚದ ಕೆಳಗೆ ಏನೋ ಎಳೆದ ಸದ್ದಾಯಿತು. ಆತ ಕಾಲು ಕಟ್ಟಿಕೊಂಡು, ಗೋಡೆ ಹಿಡಿದು ನಳದ ತನಕ ಬಂದ. "ಝಾರಿ ತುಂಬು. ಪೂರ್ತಿ ಬ್ಯಾಡ, ವಾಲತೈತಿ. ಅರ್ಧ."

ಐದು ದಿನ ಇಬ್ಬರೂ ಬರೀ ನೀರು ಹಾಕಿ ಮಣ್ಣಿನ ಖಾರ ತೊಳೆದರು. ಸುಟ್ಟ ಕಡೆ ಕೆರೆದು ಮತ್ತೆ ಬಿತ್ತಿದರು. ಎಳೆ ಹುಲ್ಲನ್ನು ತುಳಿಯದೆ ಅಂಚಿನಲ್ಲೇ ಓಡಾಡಿದರು. ಮೂರು ವಾರ ಕಳೆದ ಮೇಲೆ ಶಿದ್ರಾಮಪ್ಪನೇ ಒಂದು ಚಮಚ ಅಳೆದು, ಪೊಟ್ಟಣವನ್ನು ತನ್ನ ಜೇಬಿಗಿಟ್ಟುಕೊಂಡ.

ದೀಪಾವಳಿಗೆ ನಾಲ್ಕು ದಿನ ಮೊದಲು ಡಾಕ್ಟರಮ್ಮ ನೋಡಲು ಬಂದರು. ಹುಲ್ಲು ಅಲ್ಲಲ್ಲಿ ತೆಳ್ಳಗಿತ್ತು. ಅವರ ಮುಖ ಸಪ್ಪಗಾಯಿತು. ಶಿದ್ರಾಮಪ್ಪ ನನ್ನನ್ನು ಹಿಡಿದು ಮೊದಲ ಸಲ ನಟ್ಟನಡುವಿಗೆ ನಡೆದ. ಏಳನೆಯ ಹೆಜ್ಜೆಗೆ ಇಬ್ಬರೂ ಉರುಳಿದೆವು.

ನೀಲವ್ವ ಚೀರಿ ಓಡಿಬಂದಳು. ಚಾಚಿದ ಕೈಯನ್ನು ಅದೇಕೋ ಹಿಂದೆಳೆದುಕೊಂಡು ಸೆರಗಿನಲ್ಲಿ ಸುತ್ತಿ ನಿಂತಳು.

ಆತ ಅಂಗಾತ ಮಲಗಿ ಮೊಣಕೈ ನೋಡಿಕೊಂಡ. "ಏನೂ ಆಗಿಲ್ರಿ ಡಾಕ್ಟರಮ್ಮಾರ. ಸಿಮೆಂಟ್ ಬ್ಯಾಡ್ರಿ" ಎಂದು ತಾನೇ ಎದ್ದ.

ಈಗ ರಬ್ಬರ್ ಪೈಪು ಬಂದಿದೆ. ತಳ ತುಕ್ಕು ಹಿಡಿದ ನಾನು ಅಡುಗೆಮನೆಯ ಬಾಗಿಲ ಪಕ್ಕ ಕುಳಿತಿದ್ದೇನೆ. ದಿನಾ ಹೊಸ ಕಾಲಿನವರು ಯಾರಾದರೊಬ್ಬರು ಹುಲ್ಲಿನ ಮೇಲೆ ಬೀಳುತ್ತಾರೆ. ನೀಲವ್ವ ಬಾಗಿಲಿಗೆ ಬಂದು, ಕೈಗೆ ಸೆರಗು ಸುತ್ತಿಕೊಂಡು, ಅವರು ಏಳುವ ತನಕ ಕಾಯುತ್ತಾಳೆ. ಬಡಿಸುವುದಕ್ಕಿಂತ ಅದು ಅವಳಿಗೆ ಕಷ್ಟದ ಕೆಲಸ, ನನಗೆ ಗೊತ್ತು.

ನನ್ನ ಮೈಮೇಲೆ ಹದಿನೇಳು ತಗ್ಗುಗಳಿವೆ. ಅವತ್ತು ಹುಲ್ಲಿನ ಮೇಲೆ ಬಿದ್ದದ್ದರ ತಗ್ಗು ಮಾತ್ರ ಒಂದೂ ಇಲ್ಲ.