ಒಂದೇ ಕರೆಗೆ ತೆರೆದ ದಾರಿ

ನಾನು ಒಂದು ಫಿಲ್ಟರ್. ನೀರು ಸೋಸುವುದಲ್ಲ. ಗಾಳಿಯಲ್ಲಿ ಬರುವ ಸಾವಿರಾರು ಮೈಕ್ರೋವೇವ್ ಸಂಕೇತಗಳಲ್ಲಿ ಬೇಕಾದ ಒಂದನ್ನು ಒಳಗೆ ಬಿಟ್ಟು, ಉಳಿದವನ್ನು ಹೊರಗೇ ನಿಲ್ಲಿಸುವುದು ನನ್ನ ಕೆಲಸ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಸಂಶೋಧನೆ ಮಾಡುತ್ತಿದ್ದ ನೀಲಾಂಬಿಕಾಳ ಕೈಯಲ್ಲಿ. ನನಗಿಂತ ಮೊದಲು ಆರು ಅಣ್ಣಂದಿರು ಸೋತಿದ್ದರು. ದೊಡ್ಡವನು ಅಂಗೈಯಗಲ ಇದ್ದುದರಿಂದ ಸಂಕೇತ ಹಿಡಿಯುವ ಯಂತ್ರದ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಆಮೇಲೆ ಹುಟ್ಟಿದ ಚಿಕ್ಕವರು ಬೇಡದ ಸಂಕೇತವನ್ನೂ ಒಳಗೆ ಬಿಟ್ಟುಕೊಂಡರು. ನನ್ನ ತಾಮ್ರದ ಪಟ್ಟಿಗಳನ್ನು ಅವಳು ಹೇರ್‌ಪಿನ್ನಿನಂತೆ ಮಡಿಸಿದಳು. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಐದು ಪಟ್ಟಿಗಳು. ಒಂದಕ್ಕೊಂದು ತಾಗುವಂತಿಲ್ಲ, ನಡುವಿನ ಸಣ್ಣ ಸಂದಿಯನ್ನು ಸಂಕೇತವೇ ದಾಟಿಕೊಳ್ಳಬೇಕು.

ಪರೀಕ್ಷೆಯ ಪರದೆಯ ಮೇಲೆ ಬೇಕಾದ ಸಂಕೇತದ ಎರಡೂ ಬದಿಗೆ ಗೆರೆ ಕಡಿದಾಗಿ ಇಳಿದು, ಬೇಡದ್ದೆಲ್ಲ ಹೊರಗುಳಿಯಿತೆಂದು ತೋರಿಸಿದಾಗ ಅವಳ ಗುರುಗಳು, “ಈಗ ಬಂತ್ ನೋಡವಾ ದಾರಿಗೆ” ಅಂದರು. ಅವಳು ನನ್ನನ್ನು ಅಂಗೈಯಲ್ಲಿಟ್ಟುಕೊಂಡು ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಆ ವಾರವೇ ನನ್ನನ್ನು ಕಳಿಸಿಬಿಟ್ಟರು.

ಸೇರಿದ್ದು ಹೊನ್ನಾವರದ ದಂಡೆಯ ಒಂದು ಕೇಂದ್ರ. ಅಪಾಯಕ್ಕೆ ಸಿಕ್ಕ ದೋಣಿಗಳ ಕರೆ ಉಪಗ್ರಹದಿಂದ ಅಲ್ಲಿಗೆ ಇಳಿಯುತ್ತಿತ್ತು. ಹಿಂದಿನ ವರ್ಷ ಪಕ್ಕದ ಮೊಬೈಲ್ ಗೋಪುರದ ಅಬ್ಬರದಲ್ಲಿ ಒಂದು ಕರೆ ಮುಚ್ಚಿಹೋಗಿತ್ತು. ಆ ದೋಣಿಯಲ್ಲಿದ್ದವನು ಕೇಂದ್ರದ ನಿರ್ವಾಹಕ ದುರ್ಗಪ್ಪ ಖಾರ್ವಿಯ ತಮ್ಮ.

ನನ್ನನ್ನು ಜೋಡಿಸಿದವನು ದುರ್ಗಪ್ಪನೇ. “ನೀನಾದ್ರೂ ಸಮಾ ಕೇಳ್ಕೊ” ಅಂದು ಮುಚ್ಚಳದ ತಿರುಪು ಬಿಗಿದ. ಆಮೇಲೆ ಮೂರು ವರ್ಷ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಲಕ್ಷ ಜನರ ಮಾತು ಬಂದು ತಟ್ಟುತ್ತಿತ್ತು. ಒಂದನ್ನೂ ಒಳಗೆ ಬಿಡಲಿಲ್ಲ. ನಾನು ಕಾಯುತ್ತಿದ್ದ ಕರೆ ಮಾತ್ರ ಬರಲಿಲ್ಲ. ಬಾರದಿದ್ದರೇ ಒಳ್ಳೆಯದೆಂದೂ ಗೊತ್ತಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ಅದು ಬಂತು. ತೀರ ಕ್ಷೀಣವಾಗಿತ್ತು. ಗೋಪುರದ ಗದ್ದಲವನ್ನು ಆಚೆ ತಡೆದು ಅದಕ್ಕೆ ದಾರಿ ಬಿಟ್ಟೆ. ದುರ್ಗಪ್ಪ ಕರಾವಳಿ ಕಾವಲಿನವರಿಗೆ ಫೋನು ಮಾಡಿದ. “ಜಾಗ ಬರ್ಕೊಳ್ಳಿ. ಕೂಡ್ಲೆ ಬೋಟ್ ಬಿಡಿ.” ಸಂಜೆಗೆ ಏಳು ಜನ ಜೀವಸಹಿತ ದಡ ಸೇರಿದರು. ದುರ್ಗಪ್ಪ ಬಾಗಿಲು ಮುಚ್ಚಿಕೊಂಡು ತಮ್ಮನ ಹೆಸರು ಹೇಳಿ ಅತ್ತ.

ಮರುದಿನ ಕಾಲೇಜಿಗೆ ಫೋನು ಮಾಡಿದ. “ಅದನ್ನ ಮಾಡಿದ ಅಮ್ಮೋರು ಇದಾರಾ? ಅವರಿಗೊಂದು ಮಾತು ಹೇಳ್ಬೇಕಿತ್ತು.” ಅವಳು ಓದು ಮುಗಿಸಿ ಹೋಗಿಯಾಗಿತ್ತು. ಎಲ್ಲಿಗೆಂದು ಯಾರಿಗೂ ತಿಳಿದಿರಲಿಲ್ಲ.

ಈಗ ಕೇಂದ್ರಕ್ಕೆ ಹೊಸ ಯಂತ್ರ ಬಂದಿದೆ. ದುರ್ಗಪ್ಪ ನಿವೃತ್ತನಾದ. ನಾನು ಉಗ್ರಾಣದ ಒಂದು ಡ್ರಾಯರಿನಲ್ಲಿದ್ದೇನೆ. ಬೇಡದ ದನಿಯೂ ಇಲ್ಲಿಗೆ ಬರುವುದಿಲ್ಲ. ಏಳು ಜನ ಉಳಿದ ಸುದ್ದಿಯನ್ನು ನೀಲಾಂಬಿಕಾಳಿಗೆ ಯಾರಾದರೂ ಹೇಳಬೇಕಿತ್ತು. ಬಂದದ್ದಕ್ಕೆ ದಾರಿ ಬಿಡುವುದಷ್ಟೇ ನನಗೆ ಗೊತ್ತು. ಕೂಗಿ ಕರೆಯುವುದನ್ನು ಅವಳು ಕಲಿಸಲಿಲ್ಲ.