ಹೊಲಿದಿಟ್ಟ ಐದನೆಯ ಕಥೆ

ದೆವ್ವದ ಕಥಾಸಂಕಲನವೊಂದು ಮರುಮುದ್ರಣವಾಗುತ್ತಿದೆ, ಗುಣದೋಷ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಮನೆಯ ಹಳೆಯ ಪ್ರತಿಯನ್ನೇ ಹುಡುಕಿ ತೆಗೆದೆ. ಅದರ ಐದನೆಯ ಕಥೆಯ ಹಾಳೆಗಳನ್ನು ಅಮ್ಮ ತನ್ನ ಹೊಲಿಗೆ ಮಿಷನ್ನಿನಲ್ಲಿ ಹೊಲಿದುಬಿಟ್ಟಿದ್ದಳು.

"ಇದೊಂದು ಓದ್ಬೇಡಿ, ಹೆದರ್ಕೋತೀರಿ" ಅಂದಿದ್ದಳು, ನಾವಿನ್ನೂ ಚಿಕ್ಕವರಿದ್ದಾಗ. ಅಕ್ಕನೂ ನಾನೂ ಆ ಹೊಲಿಗೆ ಮುಟ್ಟಲೂ ನಡುಗುತ್ತಿದ್ದೆವು.

ಮೊದಲ ನಾಲ್ಕು ಕಥೆಗಳಲ್ಲಿ ವಾತಾವರಣ ಚೆನ್ನಾಗಿದೆ. ದೆವ್ವಗಳು ಮಾತ್ರ ಬಾಯಿ ಮುಚ್ಚುವುದಿಲ್ಲ, ಸತ್ತ ಮೇಲೂ ಉಪದೇಶ. ಕೊನೆಗೆ ಐದನೆಯದರ ಹೊಲಿಗೆ ಬಿಚ್ಚಿದೆ. ಅದರಲ್ಲಿ ದೆವ್ವವೇ ಇಲ್ಲ. ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಬಿಟ್ಟು ತಾಯಿಯೊಬ್ಬಳು ಕಾಯಿಲೆಯಿಂದ ಸಾಯುತ್ತಾಳೆ, ಅಷ್ಟೇ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಕೇಳಿದ್ದು ಇಷ್ಟೇ:

"ಅಮ್ಮ ಆಸ್ಪತ್ರೆಗೆ ಓಡಾಡ್ತಿದ್ದಿದ್ದು ಅದನ್ನ ಹೊಲಿದ ವರ್ಷವೇ ಅಲ್ವೇನೇ?"

ಇಡೀ ಪುಸ್ತಕದಲ್ಲಿ ನಿಜಕ್ಕೂ ಹೆದರಿಸುವ ಕಥೆ ಇದೊಂದೇ ಎಂದು ಬರೆದು, ಸೂಜಿಗೆ ದಾರ ಪೋಣಿಸಿದೆ.